ಯಾವ ಓದಿಗೆ ಯಾವ ಬೈಬಲ್?

ಭಾನುವಾರದ ಪ್ರಾತಃಕಾಲ, ಶಿವಮೊಗ್ಗದ ಬಿ.ಎಚ್. ರಸ್ತೆಯ ಅಂಗಡಿಗಳು ಇನ್ನೂ ಬಾಗಿಲು ತೆರೆಯದಿರುವ ಹೊತ್ತಿನಲ್ಲಿ, ಸೇಕ್ರೆಡ್ ಹಾರ್ಟ್ ಪ್ರಧಾನಾಲಯದ ಪೂಜೆಗೆ ನಡೆದಿರುವ ಕುಟುಂಬಗಳನ್ನೂ, ಊರಿನ ಬೇರೆ ಬೇರೆ ಬೀದಿಗಳಲ್ಲಿ ಪ್ರಾಟೆಸ್ಟೆಂಟ್ ದೇವಾಲಯಗಳ ಆರಾಧನೆಗೆ ಹೊರಟವರನ್ನೂ ಸ್ವಲ್ಪ ಗಮನವಿಟ್ಟು ನೋಡಿದರೆ, ಕೈಯಲ್ಲಿ ಹಿಡಿದ ವಸ್ತುವಿನಿಂದಲೇ ಅವರವರ ತಲೆಮಾರನ್ನು ಊಹಿಸಬಹುದು. ಕಪ್ಪು ರಟ್ಟಿನ, ನಡುನಡುವೆ ಚೀಟಿಗಳನ್ನು ಸಿಕ್ಕಿಸಿಕೊಂಡು ಉಬ್ಬಿರುವ ದಪ್ಪ ಗ್ರಂಥ ಅಜ್ಜಿಯದು. ಜಿಪ್ ಎಳೆದ ಚೀಲದೊಳಗಿನ ಇಂಗ್ಲಿಷ್ ಪುಸ್ತಕ ಕಾಲೇಜಿಗೆ ಹೋಗುವ ಮೊಮ್ಮಗಳದು. ಮಗನ ಕೈಯಲ್ಲಿರುವುದು ಬರೀ ಮೊಬೈಲು.

ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯಲ್ಲಾದರೋ ಈ ವೈವಿಧ್ಯವು ಭಾಷೆಗೂ ವ್ಯಾಪಿಸಿದೆ. ಅಜ್ಜನದು ತಮಿಳು ಗ್ರಂಥ, ಪಕ್ಕದ ಮನೆಯವರದು ಮಲಯಾಳದ್ದು, ಮಕ್ಕಳು ಓದುವುದು ಕನ್ನಡ. ಹೀಗಿರುವಲ್ಲಿ ಪುಸ್ತಕದಂಗಡಿಗೆ ಹೋಗಿ ‘ಒಂದು ಒಳ್ಳೆಯ ಬೈಬಲ್ ಕೊಡಿ’ ಎಂದು ಕೇಳಿದವನಿಗೆ ಅಂಗಡಿಯವನು ‘ಯಾವುದು ಬೇಕು?’ ಎಂದು ಮರುಪ್ರಶ್ನೆ ಹಾಕಿದರೆ ಅದು ಉಡಾಫೆಯಲ್ಲ. ಮೂಲವು ಒಂದೇ ಆದರೂ ಅನುವಾದಗಳು ಹಲವು. ಒಂದೊಂದು ಅನುವಾದವೂ ಒಂದೊಂದು ಬಗೆಯ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದದ್ದು. ಆದುದರಿಂದ ಯಾವುದು ಶ್ರೇಷ್ಠ ಎಂಬುದಕ್ಕಿಂತ, ತಾನು ಯಾವುದಕ್ಕಾಗಿ ಓದಲಿದ್ದೇನೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಉಚಿತ.

ಬಳ್ಳಾರಿಯಲ್ಲಿ ಮೊದಲಾದ ಕೆಲಸ

ಕನ್ನಡ ಬೈಬಲಿನ ಚರಿತ್ರೆಯು ಬಳ್ಳಾರಿಯಲ್ಲಿ ಆರಂಭವಾಗುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ನಿಘಂಟೂ ವ್ಯಾಕರಣವೂ ಪರದೇಶಿಯ ಕೈಗೆ ಸುಲಭವಾಗಿ ಎಟುಕದಿದ್ದ ಆ ಕಾಲದಲ್ಲಿ, ಊರಿನ ಪಂಡಿತರಿಂದ ಕನ್ನಡ ಕಲಿತು ಅನುವಾದಕ್ಕೆ ಕೈ ಹಾಕಿದನು. ಅವನೊಡನೆ ದುಡಿದ ವಿಲಿಯಂ ರೀವನು, ಈ ಕೆಲಸಕ್ಕೆ ಬೇಕಾದ ಪದಸಂಪತ್ತನ್ನು ಕೂಡಿಸುತ್ತ ಕೂಡಿಸುತ್ತಲೇ, 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದನು. ಹೊಸ ಒಡಂಬಡಿಕೆಯು 1820ರ ದಶಕದ ಮೊದಲ ವರ್ಷಗಳಲ್ಲಿಯೂ, ಸಮಗ್ರ ಗ್ರಂಥವು 1830ರ ದಶಕದ ಆರಂಭದಲ್ಲಿಯೂ ಅಚ್ಚಾದವು.

ಆ ಮೊದಲ ಅನುವಾದದ ಕನ್ನಡವು ಎಲ್ಲರಿಗೂ ರುಚಿಸಲಿಲ್ಲ. ಬಳ್ಳಾರಿಯ ಮಾತು ಮೈಸೂರಿಗೆ ಒರಟು, ಮೈಸೂರಿನ ಮಾತು ಧಾರವಾಡಕ್ಕೆ ಅಪರಿಚಿತ. ಆದಕಾರಣ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರು ಅದನ್ನು ತಿದ್ದುವ ಕಾರ್ಯದಲ್ಲಿ ವರ್ಷಗಟ್ಟಲೆ ತೊಡಗಿದರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮತ್ತೊಮ್ಮೆ ಪರಿಷ್ಕರಣ ನಡೆಯಿತು. ‘ಸತ್ಯವೇದವು’ ಎಂಬ ಹೆಸರಿನಿಂದ ಇಂದಿಗೂ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಕಾಣುವ ಗ್ರಂಥವು ಈ ಪರಂಪರೆಯದು.

ನಮ್ಮ ಜಿಲ್ಲೆಗೆ ಈ ಗ್ರಂಥ ಬಂದದ್ದು ಬಹುಮಟ್ಟಿಗೆ ಹಳೆಯ ಮೈಸೂರು ಸಂಸ್ಥಾನದ ವೆಸ್ಲಿಯನ್ ಮಿಷನ್ನಿನ ದಾರಿಯಿಂದ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರು ತೀರ್ಥಹಳ್ಳಿ ಸೀಮೆಯ ಪಾದ್ರಿ ಜೀವರತ್ನಯ್ಯನನ್ನೂ, ಮಲೆನಾಡಿಗರು ‘ಬೀಸೆಕಲ್ಲು’ ಎಂದು ಕರೆದ ಬೈಸಿಕಲ್ಲನ್ನೂ ಮರೆತಿರಲಾರರು. ಕೈಯಲ್ಲಿ ಕನ್ನಡ ಗ್ರಂಥವನ್ನು ಹಿಡಿದು ಕಾಡುದಾರಿಯಲ್ಲಿ ಓಡಾಡಿದ ಇಂಥವರ ಕಾಲ ಕತೆಯೊಳಗೆ ಮಾತ್ರ ಉಳಿದಿದೆ. ಅವರು ಓದಿಹೇಳುತ್ತಿದ್ದ ಗ್ರಂಥದ ವಾಕ್ಯಸರಣಿಯಾದರೋ ಈಗಲೂ ಭಾನುವಾರದ ಆರಾಧನೆಯಲ್ಲಿ ಕಿವಿಗೆ ಬೀಳುತ್ತದೆ.

ಕಥೋಲಿಕರ ಕಥೆ ಬೇರೆ. ಅವರ ಪೂಜೆ ಬಹುಕಾಲ ಲ್ಯಾಟಿನ್ನಿನಲ್ಲಿ ನಡೆಯಿತು. 1962ರಿಂದ 1965ರವರೆಗೆ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ದೇಶಭಾಷೆಗೆ ವೇದಿಕೆಯಲ್ಲಿ ಸ್ಥಾನ ಸಿಕ್ಕಿತು. ಆಗ ಬೇಕಾದದ್ದು ಕಿವಿಯಲ್ಲಿ ಕೇಳಿದೊಡನೆ ಅರ್ಥವಾಗುವ ಕನ್ನಡ. ಆ ಅಗತ್ಯದ ಬೆನ್ನಿಗೆ ಬೆಳೆದು ಬಂದ ಸರಳ ಭಾಷೆಯ ‘ಪವಿತ್ರ ಬೈಬಲ್’ ಈಗ ಪ್ರಾಟೆಸ್ಟೆಂಟರಲ್ಲಿಯೂ ಕೆಲವರ ಕೈ ಸೇರಿದೆ.

ಪದಕ್ಕೆ ಪದವೋ, ಭಾವಕ್ಕೆ ಭಾವವೋ

ಹೀಬ್ರೂ, ಅರಮಾಯಿಕ್, ಗ್ರೀಕ್ ಎಂಬ ಮೂರು ಭಾಷೆಗಳ ಮೂಲವನ್ನು ಕನ್ನಡಕ್ಕೆ ತರುವವನ ಎದುರಿಗೆ ಎರಡು ದಾರಿಗಳಿವೆ. ಮೂಲದ ಪದ, ವಾಕ್ಯ, ಆವೃತ್ತಿಗಳನ್ನು ಸಾಧ್ಯವಾದಷ್ಟೂ ಹಾಗೆಯೇ ಉಳಿಸಿಕೊಂಡು, ಓದುಗನೇ ಸ್ವಲ್ಪ ಶ್ರಮಪಟ್ಟು ಆ ಪ್ರಾಚೀನ ಲೋಕಕ್ಕೆ ಹೋಗಿ ಬರುವಂತೆ ಮಾಡುವುದು ಒಂದು. ಮೂಲದ ಕೇಳುಗನಿಗೆ ಆದ ಅರ್ಥವೇ ಇಂದಿನ ಕೇಳುಗನಿಗೂ ಆಗುವಂತೆ ಮಾತನ್ನೇ ಬದಲಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯ ಪದ್ಧತಿಗೆ 1960ರ ದಶಕದಲ್ಲಿ ಶಾಸ್ತ್ರೀಯ ರೂಪ ಕೊಟ್ಟವನು ಅಮೆರಿಕದ ಭಾಷಾವಿಜ್ಞಾನಿ ಯೂಜೀನ್ ನೈಡಾ. 1976ರಲ್ಲಿ ಪೂರ್ಣಗೊಂಡ ಇಂಗ್ಲಿಷಿನ ಗುಡ್ ನ್ಯೂಸ್ ಬೈಬಲ್ ಈ ಪದ್ಧತಿಯ ಪ್ರಸಿದ್ಧ ಫಲ.

ಕನ್ನಡಿಗನಿಗೆ ಇದು ಹೊಸ ಸಮಸ್ಯೆಯೇನಲ್ಲ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕಿಯ ಬಾಯಲ್ಲಿ ಕುಮಾರವ್ಯಾಸನನ್ನು ಕೇಳುವವನೂ, 1950ರಲ್ಲಿ ಪ್ರಕಟವಾದ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವನ್ನು ಮನೆಯ ಪಡಸಾಲೆಯಲ್ಲಿ ಕುಳಿತು ಓದುವವನೂ, ಶ್ಲೋಕಶ್ಲೋಕದ ಅರ್ಥವನ್ನು ನೋಡಬೇಕೆಂದು ಸಂಸ್ಕೃತ ಮೂಲದೊಡನೆ ಅಚ್ಚಾದ ಸಂಪುಟಗಳನ್ನು ತೆರೆಯುವವನೂ ಮಹಾಭಾರತವನ್ನೇ ಓದುತ್ತಾರೆ, ಆದರೆ ಒಬ್ಬನ ಪುಸ್ತಕದಿಂದ ಇನ್ನೊಬ್ಬನ ಕೆಲಸವಾಗುವುದಿಲ್ಲ.

ಉದಾಹರಣೆಗೆ ನೋಹನ ನಾವೆಯ ಅಳತೆ. ಮೂಲದಲ್ಲಿ ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ. ಇಂಗ್ಲಿಷಿನ ಕೆಲವು ಸುಲಭ ಅನುವಾದಗಳು ಇದನ್ನು ಸುಮಾರು 450 ಅಡಿಯೆಂದು ಲೆಕ್ಕ ಹಾಕಿಯೇ ಕೊಟ್ಟುಬಿಡುತ್ತವೆ. ಅಡಿಯ ಲೆಕ್ಕದಿಂದ ನಾವೆಯ ಗಾತ್ರವು ಥಟ್ಟನೆ ಕಣ್ಣಿಗೆ ಕಟ್ಟುತ್ತದೆ, ನಿಜ. ಆದರೆ ಮುನ್ನೂರು, ಐವತ್ತು, ಮೂವತ್ತು ಎಂಬ ಮೂಲದ ಸಂಖ್ಯೆಗಳ ಹದ ಕೆಡುತ್ತದೆ. ಮೇಲಾಗಿ ಮಲ್ಲಿಗೆಯನ್ನು ಇಂದಿಗೂ ಮೊಳದ ಲೆಕ್ಕದಲ್ಲಿ ಕೊಳ್ಳುವ ನಮ್ಮ ಊರುಗಳಲ್ಲಿ ಮೊಳವನ್ನು ಬಿಟ್ಟು ಅಡಿಗೆ ಹೋಗುವ ಅಗತ್ಯವೇ ಇಲ್ಲ. ರೋಮನ್ ನಾಣ್ಯಗಳ ವಿಷಯದಲ್ಲಿ ಮಾತ್ರ ಸರಳ ಅನುವಾದದ ಕ್ರಮವೇ ಮೇಲೆಂದು ನನಗೆ ತೋರುತ್ತದೆ. ದ್ರಾಕ್ಷಿಯ ತೋಟದ ಆಳುಗಳಿಗೆ ಒಡೆಯನು ಕೊಟ್ಟ ನಾಣ್ಯದ ಹೆಸರು ತಿಳಿದರೆ ಸಾಲದು, ಅದು ಒಂದು ದಿನದ ಕೂಲಿ ಎಂಬುದು ತಿಳಿಯದೆ ಆ ಸಾಮತಿಯ ಚುರುಕು ತಾಗುವುದೇ ಇಲ್ಲ.

ಇನ್ನೊಂದು ವ್ಯತ್ಯಾಸ ಕನ್ನಡಕ್ಕೇ ವಿಶಿಷ್ಟವಾದದ್ದು. ಹಳೆಯ ಸತ್ಯವೇದದಲ್ಲಿ ಯೇಸುವಿಗೆ ‘ಆತನು’ ಎಂಬ ಏಕವಚನ. ಸರಳ ಭಾಷೆಯ ಪವಿತ್ರ ಬೈಬಲಿನಲ್ಲಿ ಅವರು ‘ಯೇಸುಸ್ವಾಮಿ’, ಕ್ರಿಯಾಪದವೆಲ್ಲ ಬಹುವಚನ. ಹೊಸದಕ್ಕೆ ಒಗ್ಗಿಕೊಂಡವರಿಗೆ ಹಳೆಯದು ಮರ್ಯಾದೆ ತಪ್ಪಿದಂತೆಯೂ, ಹಳೆಯದರಲ್ಲಿ ಬೆಳೆದವರಿಗೆ ಹೊಸದು ಉಪಚಾರದ ಮಾತಿನಂತೆಯೂ ಕೇಳಿಸುವುದುಂಟು. ಶಿವನನ್ನೂ ರಾಮನನ್ನೂ ಏಕವಚನದಲ್ಲಿಯೇ ಕೊಂಡಾಡಿದ ಭಾಷೆ ನಮ್ಮದು. ಹಾಗಾಗಿ ಇದು ಭಕ್ತಿಯ ಅಳತೆಯಲ್ಲ, ಕಿವಿಯ ರೂಢಿ. ಹಾಗೆಯೇ ಹೀಬ್ರೂವಿನ ನಾಲ್ಕಕ್ಷರದ ದೇವನಾಮವು ಒಂದರಲ್ಲಿ ‘ಯೆಹೋವ’, ಇನ್ನೊಂದರಲ್ಲಿ ‘ಸರ್ವೇಶ್ವರ’. ಯೆಹೂದ್ಯರು ಆ ಹೆಸರನ್ನು ಉಚ್ಚರಿಸದೆ ‘ಪ್ರಭು’ ಎಂಬರ್ಥದ ಬೇರೊಂದು ಶಬ್ದವನ್ನು ಓದುತ್ತಾರೆ; ಕಥೋಲಿಕ ಪೂಜೆಯಲ್ಲಿಯೂ ಅದನ್ನು ಉಚ್ಚರಿಸಬಾರದೆಂದು 2008ರಲ್ಲಿ ವ್ಯಾಟಿಕನ್ ಸೂಚಿಸಿತು.

ಎಷ್ಟು ಪುಸ್ತಕಗಳ ಪುಸ್ತಕ?

ಕೊಳ್ಳುವವನು ಅವಶ್ಯವಾಗಿ ನೋಡತಕ್ಕದ್ದು ವಿಷಯಸೂಚಿ. ಪ್ರಾಟೆಸ್ಟೆಂಟರ ಬೈಬಲಿನಲ್ಲಿ ಒಟ್ಟು 66 ಗ್ರಂಥಗಳು, ಕಥೋಲಿಕರದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರು ಮೊದಲಾದವು ಹಳೆಯ ಒಡಂಬಡಿಕೆಯಲ್ಲಿ ಹೆಚ್ಚಾಗಿ ಸೇರಿರುವಂಥವು.

ಇದು ಪಂಡಿತರ ತಕರಾರು ಮಾತ್ರ ಎಂದುಕೊಳ್ಳಬೇಡಿ. ಕಥೋಲಿಕ ವಿವಾಹದ ಪೂಜೆಯಲ್ಲಿ ಓದಬಹುದಾದ ಪಾಠಗಳಲ್ಲಿ ತೋಬಿತನ ಗ್ರಂಥದ ಭಾಗವೂ ಒಂದು. ಓದುವ ಹೊಣೆ ಹೊತ್ತ ವಧುವಿನ ತಮ್ಮನು ಹಿಂದಿನ ರಾತ್ರಿ ಅಭ್ಯಾಸಕ್ಕೆಂದು, ಗೆಳೆಯನಿಂದ ಎರವಲು ತಂದ 66 ಗ್ರಂಥಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರೂ ಅದು ಸಿಗಲಾರದು. ಕೀರ್ತನೆಗಳ ಸಂಖ್ಯೆಯಲ್ಲಿಯೂ ಇಂಥದೇ ತೊಡಕುಂಟು: ಲ್ಯಾಟಿನ್ ಕ್ರಮವನ್ನು ಅನುಸರಿಸಿದ ಹಳೆಯ ಕಥೋಲಿಕ ಪುಸ್ತಕಗಳಲ್ಲಿ 22ನೆಯದಾಗಿರುವುದು ಉಳಿದವುಗಳಲ್ಲಿ 23ನೆಯದು.

ವೇದಿಕೆಯ ಓದು, ಮನೆಯ ಓದು

ದೇವಾಲಯದಲ್ಲಿ ಗಟ್ಟಿಯಾಗಿ ಓದುವವನಿಗೆ ಆಯ್ಕೆಯ ಸ್ವಾತಂತ್ರ್ಯ ಕಡಿಮೆ. ಕಥೋಲಿಕ ಪೂಜೆಯಲ್ಲಿ ಭಾನುವಾರದ ಪಾಠಗಳು ಮೂರು ವರ್ಷಗಳ ಆವರ್ತದಲ್ಲಿಯೂ, ವಾರದ ದಿನಗಳ ಮೊದಲ ಪಾಠಗಳು ಎರಡು ವರ್ಷಗಳ ಆವರ್ತದಲ್ಲಿಯೂ ಮೊದಲೇ ಗೊತ್ತಾಗಿರುತ್ತವೆ. ಓದತಕ್ಕದ್ದು ಧರ್ಮಸಭೆ ಒಪ್ಪಿದ ಪಾಠವನ್ನೇ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅಂಥ ಕಟ್ಟು ಇಲ್ಲದಿದ್ದರೂ, ಸಭಾಪಾಲಕರು ಒಂದನ್ನು ಓದುತ್ತಿರುವಾಗ ಕುಳಿತವರು ಇನ್ನೊಂದನ್ನು ತೆರೆದಿಟ್ಟುಕೊಂಡರೆ ಕಣ್ಣೂ ಕಿವಿಯೂ ಜಗಳವಾಡುತ್ತವೆ. ಸಭೆ ಯಾವುದನ್ನು ಓದುತ್ತದೆಯೋ ಅದರ ಒಂದು ಪ್ರತಿ ಮನೆಯಲ್ಲಿರಲಿ.

ಸಾರ್ವಜನಿಕವಾಗಿ ಓದುವುದಕ್ಕೆ ಹಳೆಯ ಸತ್ಯವೇದಕ್ಕೆ ಸಮನಾದದ್ದು ಕನ್ನಡದಲ್ಲಿ ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ. ಅದರ ವಾಕ್ಯಗಳು ಉಸಿರನ್ನು ಲೆಕ್ಕವಿಟ್ಟು ಕಟ್ಟಿದಂಥವು. ಕೀರ್ತನೆಗಳಲ್ಲಂತೂ ಒಂದು ಸಾಲಿಗೆ ಇನ್ನೊಂದು ಸಾಲು ಎದುರಾಗಿ ನಿಂತು ಅರ್ಥವನ್ನು ಇಮ್ಮಡಿಸುವ ಹೀಬ್ರೂ ಕಾವ್ಯದ ರೀತಿಯು ಅಲ್ಲಿ ಕನ್ನಡಕ್ಕೆ ಸುಖವಾಗಿ ಇಳಿದುಬಂದಿದೆ. ಆದರೆ ಇದೇ ಗ್ರಂಥವನ್ನು, ಹಿಂದೆಂದೂ ಬೈಬಲನ್ನು ತೆರೆಯದ ಹದಿನೇಳು ವರ್ಷದ ಹುಡುಗನ ಕೈಗಿಟ್ಟು ಪೌಲನ ಪತ್ರಗಳನ್ನು ಓದು ಎಂದು ಹೇಳಿದರೆ, ಅವನು ಎರಡನೆಯ ಪುಟದಲ್ಲಿ ಪುಸ್ತಕ ಮುಚ್ಚಿದರೆ ಅವನನ್ನು ಬೈಯುವಂತಿಲ್ಲ. ಗ್ರೀಕಿನ ಸುದೀರ್ಘ ತರ್ಕವನ್ನು ಒಂದೇ ವಾಕ್ಯದಲ್ಲಿ ಹಿಡಿದಿಡಲು ಹೊರಟ ಹಳೆಯ ಅನುವಾದವು ಅಲ್ಲಿ ಬಹಳ ಬಳಲುತ್ತದೆ. ಪತ್ರಗಳಿಗೆ ಸರಳ ಭಾಷೆಯದೇ ಸರಿ.

ಮೊದಲ ಸಲ ಓದುವವರು ಆದಿಕಾಂಡದಿಂದ ಹೊರಟು ಯಾಜಕಕಾಂಡದ ಬಲಿನಿಯಮಗಳಲ್ಲಿ ಕಾಲು ಸೋತು ನಿಲ್ಲುವುದು ವಾಡಿಕೆ. ಅದಕ್ಕೆ ಬದಲು ಮಾರ್ಕನ ಸುವಾರ್ತೆಯನ್ನು ಸರಳ ಭಾಷೆಯಲ್ಲಿ ಓದುವುದು ಮೇಲು. ಹದಿನಾರೇ ಅಧ್ಯಾಯ, ಶಿವಮೊಗ್ಗದಲ್ಲಿ ಬೆಂಗಳೂರಿನ ರೈಲು ಹತ್ತಿ ಓದಲು ತೊಡಗಿದವರು ಅರಸೀಕೆರೆ ಬರುವಷ್ಟರಲ್ಲಿ ಮುಗಿಸಬಹುದು. ಚಿಕ್ಕ ಮಕ್ಕಳಿಗೆ ಪೂರ್ಣ ಬೈಬಲನ್ನೇ ಕೊಡಬೇಕೆಂಬ ಹಟ ಬೇಡ, ಚಿತ್ರವಿರುವ ಕಥಾಪುಸ್ತಕ ಸಾಕು.

ಕಾಯಿಲೆಯವರ ಬಳಿ ಕುಳಿತು ಓದುವ ಸಂದರ್ಭಕ್ಕೆ ನಿಯಮವೇ ಬೇರೆ. ಆಗ ಅರ್ಥಸೌಲಭ್ಯವೂ ವಿದ್ವಾಂಸರ ನಿರ್ಣಯವೂ ಗಣನೆಗೆ ಬರಬಾರದು. ಮಲಗಿರುವವರು ಬಾಲ್ಯದಲ್ಲಿ ಯಾವುದನ್ನು ಕಂಠಪಾಠ ಮಾಡಿದ್ದರೋ ಅದೇ ಪಾಠವನ್ನು ಓದಬೇಕು. ಒಂದು ಪದ ಬದಲಾದರೂ ಅವರ ತುಟಿ ಜೊತೆಗೂಡುವುದಿಲ್ಲ.

ಭದ್ರಾವತಿಯ ಭಾಷೆಗಳು

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯು ಸ್ಥಾಪನೆಗೊಂಡಿತು. ಕೆಲಸ ಹುಡುಕಿ ಬಂದ ತಮಿಳರು, ತೆಲುಗರು, ಮಲಯಾಳಿಗಳು ತಮ್ಮ ಟ್ರಂಕುಗಳಲ್ಲಿ ತಮ್ಮ ತಮ್ಮ ಗ್ರಂಥಗಳನ್ನೂ ತಂದರು. ಭಾರತೀಯ ಭಾಷೆಗಳಲ್ಲಿ ಮೊಟ್ಟಮೊದಲು ಹೊಸ ಒಡಂಬಡಿಕೆಯು ಅಚ್ಚಾದದ್ದು ತಮಿಳಿನಲ್ಲಿ, ತರಂಗಂಬಾಡಿಯ ಜೀಗನ್‌ಬಾಲ್ಗನ ಕೈಯಿಂದ, 1715ರಲ್ಲಿ. ಮಲಯಾಳಿ ಕಥೋಲಿಕರಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು 1981ರ ಪಿ.ಒ.ಸಿ. ಬೈಬಲ್. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಗರಿಗೆ ಕನ್ನಡ ಲಿಪಿಯಲ್ಲಿಯೇ ಅಚ್ಚಾದ ಕೊಂಕಣಿ ಬೈಬಲ್ ಇದೆ. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರವೂ, 2007ರಲ್ಲಿ ಸಿರೋ-ಮಲಬಾರ್ ಪದ್ಧತಿಯ ಭದ್ರಾವತಿ ಧರ್ಮಕ್ಷೇತ್ರವೂ ರೂಪುಗೊಂಡವು. ಒಂದೇ ಜಿಲ್ಲೆಯಲ್ಲಿ ಎರಡು ಕಥೋಲಿಕ ಪದ್ಧತಿಗಳು, ಎರಡು ಭಾಷಾಪರಂಪರೆಗಳು.

ತೊಡಕು ಇರುವುದು ಮೂರನೆಯ ತಲೆಮಾರಿನಲ್ಲಿ. ಮನೆಯಲ್ಲಿ ತಮಿಳು ಮಾತನಾಡುವ ಹುಡುಗಿಗೆ ತಮಿಳು ಲಿಪಿ ಬರುವುದಿಲ್ಲ, ಶಾಲೆಯಲ್ಲಿ ಕಲಿತದ್ದು ಕನ್ನಡವೂ ಇಂಗ್ಲಿಷೂ. ಪ್ರಾರ್ಥನೆಗೆ ತಮಿಳು, ಓದಿಗೆ ಕನ್ನಡ ಎಂದು ಅವಳ ಬೈಬಲ್ ಎರಡಾಗಿ ಸೀಳಿಹೋಗಿದೆ. ಇಂಥವರಿಗೆ ಮೊಬೈಲಿನ ಧ್ವನಿಪಾಠವು ನಿಜವಾದ ಉಪಕಾರ: ಅಜ್ಜನ ಭಾಷೆಯಲ್ಲಿ ಕೇಳಿಕೊಂಡು, ಅದೇ ಅಧ್ಯಾಯವನ್ನು ಕನ್ನಡದಲ್ಲಿ ಕಣ್ಣಾಡಿಸಬಹುದು. ಮೊಬೈಲಿನಲ್ಲಿ ಒಂದು ಎಚ್ಚರ ಮಾತ್ರ ಬೇಕು. ಪರದೆಯ ಮೇಲ್ಭಾಗದಲ್ಲಿ ಅನುವಾದದ ಹೆಸರನ್ನು ಚಿಕ್ಕ ಅಕ್ಷರಗಳಲ್ಲಿ ಕೊಟ್ಟಿರುತ್ತಾರೆ. ಅದನ್ನು ನೋಡದೆ, ಕನ್ನಡದಲ್ಲಿದೆಯಲ್ಲ ಎಂದು ಓದುತ್ತ ಹೋದವರು ಸಭೆಯಲ್ಲಿ ತಮ್ಮ ಪಾಠ ಏಕೆ ಹೊಂದುತ್ತಿಲ್ಲವೆಂದು ತಡಕಾಡುತ್ತಾರೆ.

ಅಧ್ಯಯನಕ್ಕೆ ಕುಳಿತವರಿಗೆ

ಅಧ್ಯಯನ ಮಾಡುವವರಿಗೆ ಒಂದು ಪುಸ್ತಕ ಸಾಲದು. ಸ್ವಭಾವದಲ್ಲಿ ಪರಸ್ಪರ ದೂರವಾದ ಎರಡು ಬೇಕು. ಸತ್ಯವೇದವನ್ನೂ ಸರಳ ಭಾಷೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಓದುವಾಗ, ಎರಡೂ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಮೂಲದಲ್ಲಿ ಏನೋ ಗಂಟಿದೆಯೆಂದು ತಿಳಿಯಬೇಕು. ಇಂಗ್ಲಿಷ್ ಬಲ್ಲವರು ಅಡಿಟಿಪ್ಪಣಿಗಳಿರುವ 1989ರ ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ಅನುವಾದವನ್ನು ಮೂರನೆಯದಾಗಿ ಇಟ್ಟುಕೊಳ್ಳಬಹುದು.

ಅಡಿಟಿಪ್ಪಣಿಯ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳೂ, ಯೋಹಾನನ ಸುವಾರ್ತೆಯಲ್ಲಿ ವ್ಯಭಿಚಾರದ ಆಪಾದನೆ ಹೊತ್ತ ಹೆಂಗಸಿನ ಪ್ರಸಂಗವೂ ನಾಲ್ಕನೆಯ ಶತಮಾನದ ಸಿನಾಯ್, ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. 1611ರ ಕಿಂಗ್ ಜೇಮ್ಸ್ ಅನುವಾದಕರು ಆ ಪ್ರತಿಗಳನ್ನು ಬಳಸಿರಲಿಲ್ಲ. ಈಚಿನ ಅನುವಾದಕರು ಆ ಭಾಗಗಳನ್ನು ಕಂಸದಲ್ಲಿಟ್ಟು ಟಿಪ್ಪಣಿ ಬರೆಯುತ್ತಾರೆ. ಇದನ್ನರಿಯದವರು ಹೊಸ ಬೈಬಲಿನಲ್ಲಿ ವಚನಗಳನ್ನು ಕದ್ದಿದ್ದಾರೆಂದು ಗುಲ್ಲೆಬ್ಬಿಸುವುದುಂಟು. ಪಂಪನ ಪಾಠಾಂತರಗಳನ್ನು ಸಮಾಧಾನದಿಂದ ನೋಡುವ ನಾಡಿನಲ್ಲಿ ಇದಕ್ಕೆ ಗಾಬರಿ ಬೇಕಿಲ್ಲ.

ಸಾಹಿತ್ಯಕ್ಕಾಗಿ ಓದುವವರ ದಾರಿ ಇನ್ನೊಂದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಸಹ್ಯಾದ್ರಿ ಕಾಲೇಜಿನಲ್ಲೋ ಇಂಗ್ಲಿಷ್ ಸಾಹಿತ್ಯ ಓದುವ ವಿದ್ಯಾರ್ಥಿಗೆ ಕಿಂಗ್ ಜೇಮ್ಸ್ ಅನಿವಾರ್ಯ. ಮುನ್ನೂರು ವರ್ಷಗಳ ಇಂಗ್ಲಿಷ್ ಗದ್ಯಪದ್ಯಗಳ ಕಿವಿಯಲ್ಲಿ ಮೊಳಗುತ್ತಿದ್ದುದು ಅದೇ. ಕನ್ನಡದ ವಿದ್ಯಾರ್ಥಿಯು ಸತ್ಯವೇದದ ಜೊತೆಗೆ ಕಿಟೆಲರು 1862ರಲ್ಲಿ ದೇಶೀಯ ಛಂದಸ್ಸಿನಲ್ಲಿ ರಚಿಸಿದ ‘ಕಥಾಮಾಲೆ’ಯನ್ನೂ, ಮಂಜೇಶ್ವರದ ಗೋವಿಂದ ಪೈಗಳ 1937ರ ‘ಗೊಲ್ಗೊಥಾ’ವನ್ನೂ ನೋಡಬೇಕು. ಇವು ಅನುವಾದಗಳಲ್ಲ, ಆದರೂ ಕ್ರಿಸ್ತನ ಕಥೆಗೆ ಕನ್ನಡವು ಎಷ್ಟು ಬಗೆಯಲ್ಲಿ ಒದಗಿಬಂದಿದೆಯೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಕೊಳ್ಳುವ ಮುನ್ನ

ತೆಳುಕಾಗದದ ಮೇಲೆ ಇರುಕಿರುಕಾಗಿ ಅಚ್ಚಾಗುವ ಗ್ರಂಥವಿದು. ಅರವತ್ತು ದಾಟಿದವರಿಗೆ ಅನುವಾದಕ್ಕಿಂತಲೂ ಅಕ್ಷರದ ಗಾತ್ರವೇ ಮುಖ್ಯವಾದೀತು. ದಪ್ಪಕ್ಷರದ ಪ್ರತಿ ಹೊರೆಯಾದರೆ ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಬೇರೆ ಪುಸ್ತಕವಾಗಿ ಕೊಳ್ಳಬಹುದು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಬೈಬಲ್ ಸೊಸೈಟಿಯ ಮುಖ್ಯ ಕಚೇರಿ ಇದೆ.

ಹಣ ಕೊಡುವ ಮೊದಲು ಮೂರು ಸ್ಥಳಗಳನ್ನು ತೆರೆದು ನೋಡಿ: ಕಥೆಗೆ ಲೂಕನ 15ನೆಯ ಅಧ್ಯಾಯ, ಕಾವ್ಯಕ್ಕೆ 23ನೆಯ ಕೀರ್ತನೆ, ತರ್ಕಕ್ಕೆ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ. ಅಂಗಡಿಯವನು ಏನೆಂದುಕೊಂಡರೂ ಸರಿಯೆ, ಅರ್ಧರ್ಧ ಪುಟವನ್ನು ಗಟ್ಟಿಯಾಗಿ ಓದಿ. ಮೂರರಲ್ಲಿ ಎರಡು ಕಡೆ ನಾಲಗೆ ತಡವರಿಸಿದರೆ, ರಟ್ಟು ಎಷ್ಟೇ ಚೆನ್ನಾಗಿದ್ದರೂ ಆ ಪುಸ್ತಕವನ್ನು ಅಲ್ಲಿಯೇ ಇಟ್ಟು ಇನ್ನೊಂದನ್ನು ಕೇಳಿ.